ಸೋರುವ ನಲ್ಲಿಗೆ ದಾರಿ ಯಾವುದು

ಹಾರ್ಡ್‌ವೇರ್ ಅಂಗಡಿಯ ಯಜಮಾನರ ಹಿರಿಸೊಸೆ ಡಾಕ್ಟರು. ನಾಡಿ ಹಿಡಿದು ನಾಲಿಗೆ ನೋಡುವ ಡಾಕ್ಟರಲ್ಲ. ಜನ ಏನನ್ನಾದರೂ ಹುಡುಕುವಾಗ ಅವರ ತಲೆಯೊಳಗೆ ಏನು ನಡೆಯುತ್ತದೆ, ಯಾವುದನ್ನು ನೋಡಿ ಯಾವ ಕಡೆ ತಿರುಗುತ್ತಾರೆ, ಎಲ್ಲಿ ಬೇಸತ್ತು ಕೈಬಿಡುತ್ತಾರೆ ಎಂಬುದರ ಮೇಲೆ ವರ್ಷಗಟ್ಟಲೆ ಓದಿ, ತಲೆದಿಂಬಿನಷ್ಟು ದಪ್ಪದ ಪ್ರಬಂಧ ಬರೆದು ಆ ಪದವಿ ಸಂಪಾದಿಸಿದವಳು. ಮದುವೆಯಾದ ಹೊಸದರಲ್ಲಿ ನೆಂಟರೊಬ್ಬರು ಮಂಡಿನೋವೆಂದು ಅವಳ ಮುಂದೆ ಕಾಲು ಚಾಚಿ ಕೂತುಬಿಟ್ಟಿದ್ದರು.

"ನಾನು ಆ ಡಾಕ್ಟರಲ್ಲ" ಎಂದಳು ಸೊಸೆ.

"ಮತ್ತೆ ಯಾವ ಡಾಕ್ಟರು?"

"ಜನ ಹೇಗೆ ಹುಡುಕ್ತಾರೆ ಅಂತ ಓದಿದೀನಿ."

ನೆಂಟರು ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. "ಹುಡುಕೋದಕ್ಕೂ ಓದ್ಬೇಕಾ? ನಮ್ಮನೇಲಿ ಬೆಳಗಾದ್ರೆ ಎಲ್ರೂ ಕನ್ನಡಕ ಹುಡುಕ್ತಾರೆ, ಒಬ್ರೂ ಸ್ಕೂಲಿಗೆ ಹೋಗಿ ಕಲಿತಿಲ್ಲ" ಎಂದರು. ಮನೆಯೆಲ್ಲ ನಕ್ಕಿತು. ಯಜಮಾನರು ಎಲ್ಲರಿಗಿಂತ ಜೋರಾಗಿ ನಕ್ಕರು. ಅವತ್ತೇ ಮೈದುನ ಅವಳಿಗೊಂದು ಹೆಸರಿಟ್ಟ: ಬದನೆಕಾಯಿ. ಪುಸ್ತಕದ ಬದನೆಕಾಯಿಯ ಪೈಕಿ ಅದು, ಓದೋದಕ್ಕೆ ಚೆಂದ, ಒಲೆ ಮೇಲಿಡೋಕೆ ಬರೋಲ್ಲ. ಎದುರಿಗೆ ಅತ್ತಿಗೆ, ಬೆನ್ನ ಹಿಂದೆ ಬದನೆಕಾಯಿ. ಬರಬರುತ್ತ ಬೆನ್ನಿಗೂ ಎದುರಿಗೂ ಇದ್ದ ವ್ಯತ್ಯಾಸ ಕಡಿಮೆಯಾಯಿತು, ಅಂಗಡಿಯ ಆಳುಗಳ ಬಾಯಲ್ಲೂ ಆ ಹೆಸರು ಓಡಾಡತೊಡಗಿತು.

ಅವಳೂ ನಕ್ಕು ಸುಮ್ಮನಾಗುತ್ತಿದ್ದಳು. ಕಾಲೇಜಿನಲ್ಲಿ ಪಾಠ ಮಾಡುವಷ್ಟು ದಿನ ಆ ನಗು ನಿಜವಾದದ್ದೇ ಆಗಿತ್ತು. ಆಮೇಲೆ ಕಾಲೇಜಿನವರು ವಿದ್ಯಾರ್ಥಿಗಳು ಬರುತ್ತಿಲ್ಲವೆಂದು ಅವಳ ವಿಭಾಗಕ್ಕೇ ಬೀಗ ಹಾಕಿದರು. ಹುಡುಕುವುದನ್ನೇ ಓದಿದವಳು ಕೆಲಸ ಹುಡುಕಿದಳು, ಅದು ಮಾತ್ರ ಸಿಗಲಿಲ್ಲ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇನೋ ಎಂಬ ಭಯ ಎದೆಯೊಳಗೆ ಹೊಕ್ಕಿತು. ಮನೆಯಲ್ಲಿ ಕೂತು ಕೊರಗುವ ಬದಲು ಅಂಗಡಿಗೆ ಬಂದು ಹಿಂದಿನ ಕೋಣೆಯಲ್ಲಿ ಕೂರತೊಡಗಿದಳು. ಈಗ ಯಾರಾದರೂ ಬದನೆಕಾಯಿ ಎಂದರೆ ತುಟಿ ನಗುತ್ತಿತ್ತು, ಒಳಗೊಳಗೇ ಉರಿಯುತ್ತಿತ್ತು.

ಅಂಗಡಿಯ ಮುಂಭಾಗ ಇಕ್ಕಟ್ಟು, ಒಳಗೆ ಹೋದಷ್ಟೂ ಉದ್ದ. ಎರಡು ಕಡೆಯೂ ಸೂರಿನವರೆಗೆ ಡ್ರಾಯರುಗಳು. ಹಳಿಯ ಮೇಲೆ ಸರಿಯುವ ಒಂದು ಏಣಿ. ರಬ್ಬರು, ಗ್ರೀಸು, ಟರ್ಪೆಂಟೈನು ಸೇರಿದ ವಾಸನೆ. ಮುಂದೆ ತಗಡು ಹೊದಿಸಿದ ಕೌಂಟರು, ಅದರಾಚೆಗೆ ಗಿರಾಕಿ. ಗಿರಾಕಿ ಕೌಂಟರು ದಾಟಿ ಒಳಗೆ ಬಂದದ್ದು ಆ ಅಂಗಡಿಯ ಚರಿತ್ರೆಯಲ್ಲೇ ಇಲ್ಲ. ಅವನು ಬಾಯಿ ತೆರೆದರೆ ಸಾಕು, ಯಜಮಾನರು ಕಣ್ಣು ಮುಚ್ಚಿಕೊಂಡೇ ಡ್ರಾಯರಿಗೆ ಕೈ ಹಾಕುತ್ತಿದ್ದರು.

ಆ ಡ್ರಾಯರುಗಳಿಗೊಂದು ಕ್ರಮವಿತ್ತು. ಯಜಮಾನರ ತಂದೆ ಗುಜರಿ ವ್ಯಾಪಾರಿ. ಗುಜರಿಯಲ್ಲಿ ವಸ್ತು ಏನಕ್ಕೆ ಬೇಕು ಎಂದು ಯಾರೂ ಕೇಳುವುದಿಲ್ಲ, ಯಾವ ಲೋಹ ಎಂದು ನೋಡಿ ರಾಶಿ ಹಾಕುತ್ತಾರೆ. ಗುಜರಿ ಹೋಗಿ ಅಂಗಡಿ ಬಂತು, ರಾಶಿಯ ಪದ್ಧತಿ ಮಾತ್ರ ಕದಲಲಿಲ್ಲ. ಹಿತ್ತಾಳೆಯ ನಲ್ಲಿ ಹಿತ್ತಾಳೆ ಸಾಲಿನಲ್ಲಿ, ಅದರ ವಾಷರು ರಬ್ಬರು ಸಾಲಿನಲ್ಲಿ, ಅದನ್ನು ತಿರುಗಿಸುವ ಸ್ಪ್ಯಾನರು ಕಬ್ಬಿಣದ ಸಾಲಿನಲ್ಲಿ. ಮೂರನ್ನೂ ಒಟ್ಟಿಗೆ ತರಲು ಏಣಿ ಅಂಗಡಿಯುದ್ದಕ್ಕೂ ಓಡಬೇಕು. ಯಜಮಾನರಿಗೆ ಅದೇನೂ ಕಷ್ಟವಾಗಿರಲಿಲ್ಲ, ಏಕೆಂದರೆ ಏಣಿ ಹತ್ತುವವರು ಆಳುಗಳು.

ಮೈದುನನನ್ನು ಎಲ್ಲರೂ ಕರೆಯುತ್ತಿದ್ದದ್ದು ಬಿರುಗಾಳಿ ಎಂದು. ಮಾಡಿದ ಕೆಲಸವೆಲ್ಲ ಹಾಗೇ. ಎಲ್ಲೋ ಒಂದು ತರಬೇತಿ ಶಿಬಿರಕ್ಕೆ ಹೋಗಿಬಂದವನೇ ಅಂಗಡಿಗೊಂದು ವೆಬ್‌ಸೈಟ್ ಕಟ್ಟಿಬಿಟ್ಟ. ಊರಿನವರು ಮನೆಯಲ್ಲೇ ಕೂತು ಬೇಕಾದ್ದನ್ನು ಒತ್ತಿದರೆ ಸೊಸೆಯ ಗಂಡ ವ್ಯಾನಿನಲ್ಲಿ ತಲುಪಿಸುವ ಏರ್ಪಾಡು. ತೆರೆದ ಕೂಡಲೇ ಪರದೆಯ ಮೇಲೆ ಏಳು ಚೌಕಗಳು: ಕಬ್ಬಿಣ, ಹಿತ್ತಾಳೆ, ರಬ್ಬರು, ಪ್ಲಾಸ್ಟಿಕ್, ಮರ, ಬಣ್ಣ, ಇತರೆ. ಅಜ್ಜನ ಗುಜರಿ ರಾಶಿಗಳು ಎದ್ದುಬಂದು ಪರದೆಯ ಮೇಲೆ ಕೂತಿದ್ದವು. ಮೊದಲ ಆರರಲ್ಲಿ ಸೇರದ್ದನ್ನೆಲ್ಲ ಬಿರುಗಾಳಿ 'ಇತರೆ'ಗೆ ತುರುಕಿದ್ದ, ಹೀಗಾಗಿ ಅರ್ಧ ಅಂಗಡಿ ಅದರೊಳಗೇ ಇತ್ತು.

ಗಿರಾಕಿಗಳಿಗೆ ಸಹಾಯ ಬೇಕಾದರೆ ಇರಲೆಂದು ಅವನ ಮೇಜಿನ ಮೇಲೊಂದು ಕೆಂಪು ಫೋನು ಇಟ್ಟಿದ್ದರು. ಅದು ಬಾಯಿ ಮುಚ್ಚಿದ್ದೇ ಇಲ್ಲ.

"ವಾಷರ್ ಎಲ್ಲಿದೆ ಸ್ವಾಮಿ?"

"ರಬ್ಬರ್ ಒತ್ತಿ."

"ನಂಗೆ ರಬ್ಬರ್ ಬೇಡ, ವಾಷರ್ ಬೇಕು."

"ವಾಷರ್ ರಬ್ಬರಲ್ಲಿದೆ ಅಮ್ಮ."

"ನೀವೇ ಬರ್ಕೊಂಡು ಕಳಿಸಿಬಿಡಿ, ನಿಮ್ಮ ಪುಣ್ಯ."

ಬಿರುಗಾಳಿ ಫೋನಿಟ್ಟು ಹಲ್ಲು ಕಡಿಯುತ್ತಿದ್ದ. "ಈ ಜನಕ್ಕೆ ತಲೇನೇ ಇಲ್ಲ" ಎನ್ನುತ್ತಿದ್ದ. ಯಜಮಾನರು ದನಿಗೂಡಿಸುತ್ತಿದ್ದರು: "ಇಷ್ಟು ಸುಲಭದ್ದು ಗೊತ್ತಾಗಲ್ವಾ? ವಾಷರ್ ರಬ್ಬರಲ್ಲದೆ ಇನ್ನೇನಲ್ಲಿ ಮಾಡ್ತಾರೆ?" ಕುಣಿಯಲಾರದವನು ನೆಲ ಡೊಂಕು ಅಂದನಂತೆ. ಇಲ್ಲಿ ನೆಲ ಹಾಕಿದವರೇ, ಬಿದ್ದವರ ಕಾಲು ಡೊಂಕು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಟೀ ಕುಡಿಯುವಾಗ ಯಜಮಾನರು ತೀರ್ಪು ಕೊಟ್ಟರು. "ಫೋನಲ್ಲೇ ಮಾರೋದಾದ್ರೆ ಫೋನೇ ಸಾಕು. ಆ ಪರದೆ ಯಾಕೆ? ಮುಂದಿನ ತಿಂಗಳ ಕೊನೆಗೆ ಮುಚ್ಚಿಬಿಡಿ."

ಬಿರುಗಾಳಿಯ ಮುಖ ಸಪ್ಪಗಾಯಿತು. ಹಿಂದಿನ ಕೋಣೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. ಅವಳು ಓದಿದ್ದಕ್ಕೂ ಈ ಮನೆಗೂ ನಡುವೆ ಇದ್ದ ಒಂದೇ ಒಂದು ಸೇತುವೆ ಆ ವೆಬ್‌ಸೈಟ್. ಇಷ್ಟು ದಿನ ತನ್ನನ್ನು ಕೇಳಲಿ ಎಂದು ಕಾದಿದ್ದಳು. ಹಿತ್ತಲ ಗಿಡ ಮದ್ದಲ್ಲ, ಯಾರೂ ಕೇಳಿರಲಿಲ್ಲ.

"ಮಾವ, ಮುಚ್ಚೋ ಮುಂಚೆ ಒಂದ್ಸಲ ನನ್ನ ಕೈಗೆ ಕೊಡಿ" ಎಂದಳು.

"ನಿನ್ನ ಕೈಗೆ ಕೊಟ್ರೆ ಏನ್ಮಾಡ್ತೀಯಮ್ಮಾ?"

"ನಾನು ಓದಿರೋದೇ ಅದು. ದಾರಿ ಸರಿಮಾಡ್ತೀನಿ."

"ದಾರಿ ಸರಿಯಾಗೇ ಇದೆ" ಎಂದು ಯಜಮಾನರು ಕಂಪ್ಯೂಟರ್ ಕಡೆ ತಿರುಗಿದರು. "ಏನು ಬೇಕು ಹೇಳು. ನಲ್ಲಿಗೆ ಸುತ್ತೋ ಟೇಪಾ? ಇಗೋ ಇತರೆ, ಇಗೋ ಟೇಪು. ಬಾಗಿಲ ಚಿಲಕಾನಾ? ಇಗೋ. ನಂಗೆ ಎಲ್ಲಾ ಸಿಗುತ್ತೆ." ಟಕಟಕ ಎಂದು ಒತ್ತಿ ತೋರಿಸಿ ಕುರ್ಚಿಗೊರಗಿದರು.

"ನಿಮಗೆ ಸಿಗುತ್ತೆ ಮಾವ. ನಿಮ್ಮ ಮನೆ ನಿಮಗೆ ಕತ್ತಲಲ್ಲೂ ಗೊತ್ತು."

"ಅತ್ತಿಗೆ, ನಾನೂ ಥಿಯರಿ ಪ್ರಕಾರಾನೇ ಮಾಡಿರೋದು" ಎಂದ ಬಿರುಗಾಳಿ. "ಮನುಷ್ಯನ ತಲೇಲಿ ಏಳಕ್ಕಿಂತ ಜಾಸ್ತಿ ನಿಲ್ಲಲ್ಲ ಅಂತ ಶಿಬಿರದಲ್ಲಿ ಹೇಳಿಕೊಟ್ಟಿದ್ದಾರೆ. ಅದಕ್ಕೇ ಏಳು ಚೌಕ."

ಸೊಸೆಗೆ ಇಷ್ಟು ದಿನದ ಉರಿಯೆಲ್ಲ ಒಟ್ಟಿಗೆ ನೆತ್ತಿಗೇರಿತು. ಸಿದ್ಧಾಂತ ಬೇಡ ಎನ್ನುವವರನ್ನು ಅವಳು ಸಹಿಸಬಲ್ಲಳು. ಅರ್ಧ ಸಿದ್ಧಾಂತವನ್ನು ಕೈಯಲ್ಲಿ ಹಿಡಿದು ಬೀಸುವವರನ್ನು ಕಂಡರೆ ಆಗುತ್ತಿರಲಿಲ್ಲ.

"ಅದು ನೆನಪಿಟ್ಟುಕೊಳ್ಳೋ ವಿಷಯ ಕಣಪ್ಪ. ಕೇಳಿ, ಮನಸ್ಸಲ್ಲಿ ಹಿಡಿದಿಟ್ಟು, ತಿರುಗಿ ಹೇಳೋದಿದ್ರೆ ಆ ಮಾತು. ಕಣ್ಣೆದುರಿಗೇ ಬರೆದಿರೋದನ್ನ ಯಾರು ನೆನಪಿಟ್ಟುಕೋಬೇಕು? ಬಸ್ ಸ್ಟ್ಯಾಂಡ್ ಬೋರ್ಡಲ್ಲಿ ಎಷ್ಟು ಊರಿನ ಹೆಸರಿರುತ್ತೆ? ಎಲ್ಲಾ ಬಾಯಿಪಾಠ ಮಾಡಿ ಬಸ್ ಹತ್ತೀಯಾ? ನಿನ್ನ ಊರು ಹುಡುಕ್ತೀಯ, ಹತ್ತೀಯ."

ಬಿರುಗಾಳಿ ಬಸ್ ಸ್ಟ್ಯಾಂಡಿನ ಬೋರ್ಡನ್ನು ನೆನೆಸಿಕೊಂಡು ಬೆರಳು ಮಡಚಿ ಎಣಿಸಿದ. ಆದರೂ ಬಿಡಲಿಲ್ಲ. "ಆದ್ರೆ ಮೂರು ಸಲ ಒತ್ತೋದರೊಳಗೆ ಸಿಗಬೇಕು ಅಂತಲೂ ಹೇಳಿದ್ರು."

"ಎಷ್ಟು ಸಲ ಒತ್ತಿದ್ರು ಅನ್ನೋದಲ್ಲ. ಪ್ರತಿ ಸಲ ಒತ್ತಿದಾಗ್ಲೂ ಸರಿಯಾದ ಕಡೆ ಹೋಗ್ತಿದೀನಿ ಅಂತ ನಂಬಿಕೆ ಬಂತಾ, ಅದು. ಹಸಿದ ನಾಯಿ ಬೀದೀಲಿ ಹೇಗೆ ಹೋಗುತ್ತೆ? ಮೂಗು ಮುಂದೆ ಮಾಡ್ಕೊಂಡು. ವಾಸನೆ ಜಾಸ್ತಿಯಾದ್ರೆ ಎಷ್ಟು ದೂರ ಆದ್ರೂ ನಡೆಯುತ್ತೆ, ವಾಸನೆ ತಪ್ಪಿದ್ರೆ ಅಲ್ಲೇ ತಿರುಗುತ್ತೆ. ಪರದೆ ಮೇಲೆ ಹುಡುಕೋ ಮನುಷ್ಯನೂ ಹಾಗೇ ಅಂತ ದೊಡ್ಡ ದೊಡ್ಡ ಪಂಡಿತರು ಪರೀಕ್ಷೆ ಮಾಡಿ ಬರೆದಿದ್ದಾರೆ. ನಾವಿಡೋ ಒಂದೊಂದು ಹೆಸರಿಗೂ ಒಳಗಿರೋ ವಸ್ತುವಿನ ವಾಸನೆ ಇರಬೇಕು. 'ಇತರೆ' ಅನ್ನೋದಕ್ಕೆ ಯಾವ ವಾಸನೆ ಇದೆ?"

"ನಮ್ಮ ಗಿರಾಕೀನ ನಾಯಿ ಅಂದ್ಬಿಟ್ಯಲ್ಲಮ್ಮ" ಎಂದರು ಯಜಮಾನರು. ಆಳುಗಳು ಕಿಸಕ್ಕನೆ ನಕ್ಕರು. ಯಾರೋ ಡ್ರಾಯರಿನ ಹಿಂದಿನಿಂದ ಬದನೆಕಾಯಿ ಎಂದದ್ದೂ ಕೇಳಿಸಿತು.

ಸೊಸೆ ಲೋಟವನ್ನು ಕೌಂಟರಿನ ಮೇಲೆ ಕುಕ್ಕಿದಳು. "ಒಂದು ಪಂಥ ಇರಲಿ ಮಾವ. ಮುಂದಿನ ತಿಂಗಳ ಕೊನೆಯೊಳಗೆ ಈ ಕೆಂಪು ಫೋನು ಎಲ್ಲಿದೆ, ಎಲ್ಲಿದೆ ಅನ್ನೋದು ನಿಲ್ಲಬೇಕು. ನಿಲ್ಲದೇ ಇದ್ರೆ ವೆಬ್‌ಸೈಟ್ ಮುಚ್ಚಿ. ನಾನು ಈ ಓದಿನ ಮಾತು ಇನ್ಯಾವತ್ತೂ ಎತ್ತಲ್ಲ, ಬಿಲ್ ಬರೆಯೋ ಕುರ್ಚೀಲಿ ಕೂತ್ಕೋತೀನಿ."

"ನಿಂತ್ರೆ?"

"ನಿಂತ್ರೆ, ಬದನೆಕಾಯಿ ಅನ್ನೋ ಮಾತು ಈ ಅಂಗಡೀಲಿ ಯಾರ ಬಾಯಲ್ಲೂ ಬರಬಾರದು."

ಅಂಗಡಿಯಲ್ಲಿ ನಗು ನಿಂತಿತು. ಅವಳಿಗೆ ಆ ಹೆಸರು ಇಷ್ಟು ಚುಚ್ಚುತ್ತಿತ್ತೆಂದು ಯಜಮಾನರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವರು ಸ್ವಲ್ಪ ತಬ್ಬಿಬ್ಬಾದರು. ಆದರೂ ಹಟ ಹಟವೇ. "ಪಂಥ ಆಯ್ತು. ಆದ್ರೆ ನನ್ನ ಕ್ರಮ ತಪ್ಪು ಅಂತ ನಂಗೆ ಮನವರಿಕೆ ಆಗೋವರೆಗೂ ಒಂದು ಚೌಕಾನೂ ಮುಟ್ಟಕೂಡದು" ಎಂದರು.

ವ್ಯಾನಿನಿಂದ ಬಂದ ಗಂಡ ವಿಷಯ ಕೇಳಿ ತಲೆ ಕೆರೆದುಕೊಂಡ. "ನಮ್ಮಪ್ಪನ್ನ ವಾದದಲ್ಲಿ ಗೆದ್ದೋರು ಇನ್ನೂ ಹುಟ್ಟಿಲ್ಲ ಮಾರಾಯ್ತಿ."

"ವಾದ ಯಾರು ಮಾಡ್ತಾರೆ? ತೋರಿಸ್ತೀನಿ" ಎಂದಳು.

ಅವಳು ಹೋದದ್ದು ಅತ್ತೆಯ ಹೊಲಿಗೆ ಕೋಣೆಗೆ. ಅತ್ತೆ ಕೇರಿಗೆಲ್ಲ ಬಟ್ಟೆ ಹೊಲಿಯುವವರು. ಗುಂಡಿ, ಜಿಪ್ಪು, ದಾರ, ಕೊಕ್ಕೆ, ಅಂಚುಪಟ್ಟಿ ಎಲ್ಲ ತಗಡಿನ ಡಬ್ಬಿಗಳಲ್ಲಿ ಅವರದೇ ಕ್ರಮದಲ್ಲಿದ್ದವು. ಆ ಕ್ರಮ ಬಣ್ಣದ್ದು. ಬಟ್ಟೆ ನೀಲಿಯಾದರೆ ನೀಲಿ ಡಬ್ಬಿ ತೆರೆದರಾಯಿತು, ಅದಕ್ಕೆ ಬೇಕಾದ ದಾರದಿಂದ ಗುಂಡಿಯವರೆಗೆ ಎಲ್ಲ ಒಳಗಿರುತ್ತಿತ್ತು. ಸೊಸೆ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಬಾಯಿತುಂಬ ನಕ್ಕರು. ಮದುವೆಯಾದಾಗಿನಿಂದ ಇಂಥ ಒಂದು ಅವಕಾಶಕ್ಕೆ ಅವರು ಕಾದಿದ್ದರೆಂದು ಆ ನಗುವೇ ಹೇಳುತ್ತಿತ್ತು.

ಭಾನುವಾರ ಬೆಳಗ್ಗೆ ಯಜಮಾನರನ್ನು ಆ ಕೋಣೆಗೆ ಕರೆದರು. ಮೇಜಿನ ಮೇಲೆ ಏಳು ಡಬ್ಬಿಗಳು ಮುಚ್ಚಿ ಕೂತಿದ್ದವು. ಮುಚ್ಚಳಗಳ ಮೇಲೆ ಸೊಸೆ ಬರೆದಿದ್ದಳು: ಕೆಂಪು, ನೀಲಿ, ಹಸಿರು, ಹಳದಿ, ಬಿಳಿ, ಕಪ್ಪು, ಇತರೆ.

"ಇದು ಅತ್ತೆ ಅಂಗಡಿ ಮಾವ. ನೀವು ಗಿರಾಕಿ. ನಿಮ್ಮ ಪ್ಯಾಂಟಿನ ಸೊಂಟದ ಕೊಕ್ಕೆ ಕಿತ್ತುಹೋಗಿದೆ. ಹೊಸದು ಹುಡುಕಿ."

"ಇದೇನು ಮಹಾ" ಎಂದು ಯಜಮಾನರು ತೋಳು ಮಡಚಿದರು. ಕೊಕ್ಕೆ ಉಕ್ಕಿನದು, ಉಕ್ಕು ಬೆಳ್ಳಗಿರುತ್ತದೆ ಎಂದು 'ಬಿಳಿ' ತೆರೆದರು. ಬಿಳಿ ಗುಂಡಿ, ಬಿಳಿ ದಾರ. ಮುಚ್ಚಿದರು. ಲೋಹಕ್ಕೆ ಬಣ್ಣವಿಲ್ಲ ಎಂದು 'ಇತರೆ' ತೆರೆದರು. ಒಳಗೆ ಬಳಪ, ಅಳತೆಪಟ್ಟಿ, ಒಂದು ಮುರಿದ ಕತ್ತರಿ. ತಮ್ಮ ಪ್ಯಾಂಟು ಬೂದು ಬಣ್ಣದ್ದು, ಬೂದು ನೀಲಿಗೆ ಹತ್ತಿರ ಎಂದು 'ನೀಲಿ' ತೆರೆದರು. ಅಲ್ಲೂ ಇಲ್ಲ. ಕಿವಿ ಕೆಂಪಗಾಗತೊಡಗಿತು.

"ಏನ್ರೀ, ಇಷ್ಟು ಸುಲಭದ್ದು ಗೊತ್ತಾಗಲ್ವಾ?" ಎಂದರು ಅತ್ತೆ, ಮುಖದ ಮೇಲೆ ಒಂದು ಗೆರೆಯೂ ಕದಲದಂತೆ.

ಯಜಮಾನರು ಕೈಯಲ್ಲಿದ್ದ ಮುಚ್ಚಳವನ್ನು ಮೇಜಿಗೆ ಎಸೆದರು. "ಕೊಕ್ಕೆಗೆ ಎಲ್ಲಿಯ ಬಣ್ಣ? ಯಾವ ಬುದ್ಧಿವಂತರು ಮಾಡಿದ್ದು ಇದನ್ನ?"

"ಕಪ್ಪಲ್ಲಿದೆ" ಎಂದರು ಅತ್ತೆ. "ಕೊಕ್ಕೆ ಹಾಕೋ ಪ್ಯಾಂಟು ನನ್ನ ಹತ್ರ ಬರೋದೆಲ್ಲ ಕಪ್ಪು. ಕೊಕ್ಕೆ ಕಪ್ಪಲ್ಲಿ ಅಲ್ಲದೆ ಇನ್ನೆಲ್ಲಿ ಇಡ್ತಾರೆ? ನಂಗೆ ಎಲ್ಲಾ ಸಿಗುತ್ತೆ." ಕಣ್ಣು ಮುಚ್ಚಿಕೊಂಡು ಕಪ್ಪು ಡಬ್ಬಿಗೆ ಕೈ ಹಾಕಿ ಕೊಕ್ಕೆಯನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

ಯಜಮಾನರು ಕೊಕ್ಕೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಆಮೇಲೆ ಸೊಸೆಯನ್ನು. ಆ ಮಾತುಗಳು ಯಾರವೆಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ? ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಕೊನೆಗೆ ಕೋಣೆಯೇ ಅದುರುವಂತೆ ನಕ್ಕರು. ಕಣ್ಣೊರೆಸಿಕೊಂಡು, "ಇದಕ್ಕೂ ನಿನ್ನ ಪುಸ್ತಕದಲ್ಲಿ ಹೆಸರಿದ್ಯಾ?" ಎಂದು ಕೇಳಿದರು.

"ಇದೆ ಮಾವ. ಬಲ್ಲವನಿಗೆ ಅಂಟೋ ಶಾಪ ಅಂತಾರೆ. ಒಂದ್ಸಲ ಗೊತ್ತಾದ್ಮೇಲೆ, ಗೊತ್ತಿಲ್ಲದೇ ಇರೋದು ಹೇಗಿತ್ತು ಅನ್ನೋದೇ ಮರೆತುಹೋಗುತ್ತೆ. ಪಂಡಿತರಿಗೂ ಅಂಟುತ್ತೆ, ವ್ಯಾಪಾರಿಗಳಿಗೂ ಅಂಟುತ್ತೆ."

"ಶಾಪ ಬಿಡಿಸ್ಕೊಳ್ಳೋದು ಹೇಗೆ?"

"ಗೊತ್ತಿಲ್ಲದೋರನ್ನ ಕೇಳೋದು."

ಕೇಳುವುದಕ್ಕೂ ಒಂದು ವಿಧಾನವಿತ್ತು, ಅದನ್ನೂ ಅವಳು ಓದಿಯೇ ಕಲಿತಿದ್ದಳು. ಅಂಗಡಿಯ ಸಾಮಾನುಗಳ ಹೆಸರನ್ನು ಒಂದೊಂದು ರಟ್ಟಿನ ಚೀಟಿಯ ಮೇಲೆ ಬರೆದು, ಕೌಂಟರಿನ ಒಂದು ತುದಿಯಲ್ಲಿ ಹರಡಿದಳು. ಬಿಲ್ಲಿಗಾಗಿ ಕಾಯುವ ಗಿರಾಕಿಗಳಿಗೆ ಟೀ ಕೊಟ್ಟು, "ಯಾವ್ಯಾವುದು ಒಟ್ಟಿಗಿದ್ರೆ ನಿಮಗೆ ಸರಿ ಅನ್ಸುತ್ತೆ, ಗುಂಪು ಮಾಡಿ, ಆಮೇಲೆ ಗುಂಪಿಗೊಂದು ಹೆಸರಿಡಿ" ಎಂದಳು. ಜನ ಮೊದಲು ನಾಚಿದರು, ಆಮೇಲೆ ಇಸ್ಪೀಟಿಗೆ ಕೂತಂತೆ ಕೂತರು. ಒಬ್ಬ ಬಣ್ಣದ ಕೆಲಸದವನೂ ಒಬ್ಬ ಶಾಲೆಯ ಟೀಚರಮ್ಮನೂ ಸುತ್ತಿಗೆ ಯಾವ ಗುಂಪಿಗೆ ಸೇರಬೇಕೆಂದು ಬಿಲ್ಲನ್ನೂ ಮರೆತು ಜಗಳವಾಡಿದರು.

ಬಂದವರೆಲ್ಲ ಬೇರೆ ಬೇರೆ ಜನ, ಆದರೆ ರಾಶಿಗಳು ಒಂದನ್ನೊಂದು ಹೋಲತೊಡಗಿದವು. ಹಿತ್ತಾಳೆ, ರಬ್ಬರು ಎಂದು ಯಾರೊಬ್ಬರೂ ರಾಶಿ ಹಾಕಲಿಲ್ಲ. ನಲ್ಲಿ, ವಾಷರು, ಟೇಪು, ಸ್ಪ್ಯಾನರು ನಾಲ್ಕೂ ಒಂದೇ ಕಡೆ ಬಂದು ಬಿದ್ದವು. ಹೆಸರೇನು ಎಂದರೆ, "ನೀರು ಸೋರೋದಕ್ಕೆ" ಎಂದರು. ಇನ್ನೊಂದು ರಾಶಿಗೆ, "ಗೋಡೆಗೆ ಏನಾದ್ರೂ ನೇತುಹಾಕೋದಕ್ಕೆ." ಮತ್ತೊಂದಕ್ಕೆ, "ಬಾಗಿಲು ಸರಿಯಾಗಿ ಹಾಕ್ಕೊಳ್ತಿಲ್ಲ ಅಂದ್ರೆ." ಸೊಸೆಗೆ ಮೈ ಜುಮ್ಮೆಂದಿತು. ಪುಸ್ತಕದಲ್ಲಿ ಓದಿದ ವಾಕ್ಯವೊಂದು ಎದ್ದುಬಂದು ಕೌಂಟರಿನ ಮೇಲೆ ಟೀ ಕುಡಿಯುತ್ತ ಕೂತಿತ್ತು: ಜನ ವಸ್ತುವನ್ನು ಹುಡುಕುವುದಿಲ್ಲ, ತಮ್ಮ ತೊಂದರೆಗೆ ದಾರಿ ಹುಡುಕುತ್ತಾರೆ.

ಯಜಮಾನರು ಕನ್ನಡಕ ಏರಿಸಿ ಚೀಟಿಗಳನ್ನು ದಿಟ್ಟಿಸಿದರು. "ಸರಿ. ಆದ್ರೆ ಈ ಸ್ಪ್ಯಾನರು ಸೋರೋದಕ್ಕೂ ಬೇಕು, ಬಾಗಿಲಿಗೂ ಬೇಕು. ಒಂದು ವಸ್ತು ಎರಡು ಡಬ್ಬೀಲಿ ಹೇಗಿರುತ್ತಮ್ಮ?"

"ಅಂಗಡೀಲಿ ಇರಲ್ಲ ಮಾವ. ಪರದೇಲಿ ಇರುತ್ತೆ. ಅಲ್ಲಿ ಡಬ್ಬೀನೇ ಇಲ್ವಲ್ಲ."

ಅವರು ಸ್ಪ್ಯಾನರಿನ ಚೀಟಿಯನ್ನೆತ್ತಿ ಒಂದು ರಾಶಿಯಿಂದ ಇನ್ನೊಂದಕ್ಕೆ ಇಟ್ಟು ನೋಡಿದರು. ಗುಜರಿ ರಾಶಿಗಳ ನಡುವೆ ಬೆಳೆದ ಮನುಷ್ಯ. ಒಂದು ವಸ್ತು ಎರಡು ರಾಶಿಯಲ್ಲಿ ಇರಬಹುದು ಎಂಬುದು ಅವರಿಗೆ ಆ ದಿನದವರೆಗೆ ಕನಸಲ್ಲೂ ಬಂದಿರಲಿಲ್ಲ. "ಮುಟ್ಟು ಹೋಗು, ಎಲ್ಲಾ ಚೌಕಾನೂ ಮುಟ್ಟು" ಎಂದರು ಕೊನೆಗೆ.

ಬಿರುಗಾಳಿ ಪಕ್ಕದಲ್ಲಿ ಕೂತು ಅವಳು ಹೇಳಿದಂತೆ ಕಟ್ಟತೊಡಗಿದ. ಮೊದಮೊದಲು ಮುಖ ಗಂಟಿಕ್ಕಿಕೊಂಡಿದ್ದ, ಆಮೇಲೆ ಹುರುಪು ಹತ್ತಿತು. ಕೈ ವೇಗದ್ದೇ, ಇಲ್ಲಿಯವರೆಗೆ ದಿಕ್ಕು ಇರಲಿಲ್ಲ ಅಷ್ಟೆ. 'ಇತರೆ' ಚೌಕವನ್ನು ಅಳಿಸುವಾಗ ಅವನೇ ಒಂದು ನಿಟ್ಟುಸಿರು ಬಿಟ್ಟ. ಅದರೊಳಗಿದ್ದ ಸಾಮಾನುಗಳೆಲ್ಲ ತಮ್ಮ ತಮ್ಮ ಮನೆ ಸೇರಿದವು.

ಇಷ್ಟೆಲ್ಲ ಮಾಡಿಯೂ ಸೊಸೆ ಒಂದು ಕಡೆ ಎಡವಿದಳು. ಜನ ಕೊಟ್ಟ ಹೆಸರುಗಳು ತೀರಾ ಬೀದಿಮಾತಿನಂತಿವೆ, ಅಂಗಡಿಯ ಘನತೆಗೆ ತಕ್ಕಂತೆ ಇರಲೆಂದು ಮೊದಲ ಚೌಕಕ್ಕೆ 'ಜಲ ನಿರ್ವಹಣೆ' ಎಂದು ಬರೆದಳು. ಎದುರಿನ ಕ್ಷೌರದಂಗಡಿಯವನನ್ನು ಕರೆದು ಪರದೆಯ ಮುಂದೆ ಕೂರಿಸಿ, "ನಿಮ್ಮ ನಲ್ಲಿ ಸೋರ್ತಿದೆ, ಸಾಮಾನು ಹುಡುಕಿ" ಎಂದಳು. ಅವನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಆ ಚೌಕದ ಮೇಲೆ ಅವನ ಕಣ್ಣು ನಿಲ್ಲಲೇ ಇಲ್ಲ.

"ಇದನ್ಯಾಕೆ ಒತ್ತಲಿಲ್ಲ?" ಎಂದಳು.

"ಅದು ಯಾವುದೋ ಸರ್ಕಾರಿ ಆಫೀಸಿನ ಬೋರ್ಡು ಅನ್ಕೊಂಡೆ ಅಮ್ಮ."

ಬಿರುಗಾಳಿ ಬೇರೆ ಕಡೆ ತಿರುಗಿ ನಗು ನುಂಗಿದ. ಸೊಸೆಗೆ ಮುಖ ಬಿಸಿಯಾಯಿತು. ಶಾಪ ಪಂಡಿತರಿಗೂ ಅಂಟುತ್ತದೆ ಎಂದು ಹೇಳಿದವಳು ತಾನೇ. ಆದರೆ ಯಾಕೆ ಎಡವಿದೆ ಎಂದು ತಿಳಿಯಲು ಅವಳಿಗೆ ಕ್ಷಣವೂ ಬೇಕಾಗಲಿಲ್ಲ, ಓದಿದ್ದೇ ಬೆರಳಿಟ್ಟು ತೋರಿಸಿತು. ಆ ಹೆಸರಿಗೆ ವಾಸನೆಯಿರಲಿಲ್ಲ. ಅಲ್ಲೇ ಅಳಿಸಿ 'ನಲ್ಲಿ, ಪೈಪು ಸೋರುತ್ತಿದೆಯೇ?' ಎಂದು ಬರೆದಳು. ಕ್ಷೌರದವನ ಬೆರಳು ಅದು ಪೂರ್ತಿ ಮೂಡುವ ಮೊದಲೇ ಅಲ್ಲಿಗೆ ಹೋಯಿತು. ಒತ್ತಿದ, ಮತ್ತೊಂದು ಒತ್ತಿದ, ಇನ್ನೂ ಎರಡು ಒತ್ತಿದ, ವಾಷರು ಟೇಪುಗಳ ಚಿತ್ರ ಬಂದಾಗ ತಲೆಯೆತ್ತಿ, "ಇಷ್ಟೇನಾ?" ಎಂದ.

"ಅತ್ತಿಗೆ, ಮೂರಕ್ಕಿಂತ ಜಾಸ್ತಿ ಒತ್ತಿದ್ರು" ಎಂದ ಬಿರುಗಾಳಿ ಮೆಲ್ಲಗೆ. "ಒಂದ್ಸಲಾನೂ ನಿಲ್ಲಲಿಲ್ಲ" ಎಂದು ತಾನೇ ಸೇರಿಸಿದ.

ಹೊಸ ವೆಬ್‌ಸೈಟ್ ತೆರೆದ ಮೇಲೆ ಮೊದಲ ಕೆಲವು ದಿನ ಕೆಂಪು ಫೋನು ಹಳೆಯ ಚಾಳಿ ಬಿಡಲಿಲ್ಲ. ಹಳೆಯ ಗಿರಾಕಿಗಳು, ಅಭ್ಯಾಸಬಲ. ಪ್ರತಿ ಸಲ ಅದು ಹೊಡೆದುಕೊಂಡಾಗಲೂ ಸೊಸೆ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಬಿಲ್ ಬರೆಯುವ ಕುರ್ಚಿ ಮೂಲೆಯಲ್ಲಿ ಅವಳನ್ನೇ ನೋಡುತ್ತ ಕೂತಂತಿತ್ತು. ಆಳುಗಳು ಕುರ್ಚಿಯ ಧೂಳು ಒರೆಸಿಟ್ಟಿದ್ದನ್ನೂ ಅವಳು ಗಮನಿಸಿದಳು. ಆಮೇಲಾಮೇಲೆ ಫೋನಿನ ಸದ್ದು ವಿರಳವಾಯಿತು.

ಪಂಥದ ಕೊನೆಯ ದಿನ ಯಜಮಾನರು ಊಟ ಮುಗಿಸಿ ಬಂದು ಕೌಂಟರಿನಲ್ಲಿ ಕೂತರು. ಏನೋ ಸರಿಯಿಲ್ಲ ಅನ್ನಿಸಿತು. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು, ಏಣಿಯ ಚಕ್ರ ಕಿರುಗುಟ್ಟುವುದು ಕೇಳುತ್ತಿತ್ತು. ಆ ಅಂಗಡಿಯಲ್ಲಿ ಫ್ಯಾನಿಗೆ ಸದ್ದಿದೆಯೆಂಬುದೇ ಅವರಿಗೆ ಮರೆತುಹೋಗಿತ್ತು. ಎದ್ದು ಬಿರುಗಾಳಿಯ ಮೇಜಿಗೆ ಹೋಗಿ, "ಫೋನ್ ಕೆಟ್ಟಿದೆಯೇನೋ" ಎಂದು ರಿಸೀವರು ಎತ್ತಿ ಕಿವಿಗಿಟ್ಟರು. ಫೋನು ಸರಿಯಾಗಿಯೇ ಇತ್ತು.

"ಹಾಗಾದ್ರೆ ಗಿರಾಕಿಗಳೇ ಬರ್ತಿಲ್ಲ" ಎಂದರು, ಅರ್ಧ ಗಾಬರಿಯಿಂದ.

ಬಿರುಗಾಳಿ ಪರದೆಯನ್ನು ಅವರ ಕಡೆ ತಿರುಗಿಸಿದ. ಆರ್ಡರುಗಳು ಒಂದರ ಕೆಳಗೊಂದು ಬಂದು ಕೂರುತ್ತಿದ್ದವು. ಹಿಂದಿನ ಬಾಗಿಲಲ್ಲಿ ಗಂಡ ವ್ಯಾನಿಗೆ ಪೆಟ್ಟಿಗೆ ತುಂಬುತ್ತಿದ್ದ, ಬೆಳಗಿನಿಂದ ಕೂರಲು ಪುರುಸೊತ್ತಿಲ್ಲದೆ ಅವನ ಅಂಗಿ ಬೆನ್ನಿಗಂಟಿತ್ತು. "ಅಪ್ಪಾ, ಇನ್ನೊಂದು ವ್ಯಾನು ಬೇಕಾಗುತ್ತೆ" ಎಂದು ಅಲ್ಲಿಂದಲೇ ಕೂಗಿದ.

ಅಷ್ಟರಲ್ಲಿ ಕೆಂಪು ಫೋನು ಹೊಡೆದುಕೊಂಡಿತು. ಎಲ್ಲರೂ ತಿರುಗಿದರು. ಹಿಂದಿನ ಕೋಣೆಯಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಳು, ಬೆರಳುಗಳು ತಾವಾಗಿಯೇ ಹೆಣೆದುಕೊಂಡಿದ್ದವು. ಕೊನೆಯ ದಿನ, ಕೊನೆಯ ಗಳಿಗೆ. ಯಜಮಾನರು ತಾವೇ ಎತ್ತಿಕೊಂಡು ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಗುಂಡಿ ಒತ್ತಿದರು.

"ಹಾರ್ಡ್‌ವೇರ್ ಅಂಗಡೀನಾ?" ವಯಸ್ಸಾದ ಹೆಂಗಸಿನ ದನಿ.

"ಹೌದಮ್ಮ. ಏನು ಸಿಕ್ಕಲಿಲ್ಲ ಹೇಳಿ."

"ಸಿಕ್ತು ಕಣಪ್ಪ. ಎಲ್ಲಾ ಸಿಕ್ತು. ಅದನ್ನ ಹೇಳೋಕೇ ಫೋನ್ ಮಾಡಿದೆ. ನಮ್ಮನೆ ನಲ್ಲಿ ಎಷ್ಟು ದಿನದಿಂದ ತೊಟ್ಟಿಕ್ತಿತ್ತು, ಕರೆದ್ರೆ ಯಾರೂ ಬರ್ತಿರಲಿಲ್ಲ. ನಲ್ಲಿ ಸೋರ್ತಿದೆಯಾ ಅಂತ ಅದೇ ಕೇಳ್ತು, ಹೌದು ಅಂತ ಒತ್ತಿದೆ, ಬೇಕಾದ್ದೆಲ್ಲ ಒಂದೇ ಕಡೆ ಇತ್ತು. ನಾನೇ ಕೂತು ಹಾಕಿದೆ. ಈಗ ಒಂದು ಹನಿ ಇಲ್ಲ. ಈ ವಯಸ್ಸಲ್ಲಿ ನಾನು ನಲ್ಲಿ ರಿಪೇರಿ ಮಾಡಿದೆ ಅಂದ್ರೆ ನನ್ನ ಮಗಳು ನಂಬ್ತಾನೇ ಇಲ್ಲ. ಯಾರಪ್ಪ ಮಾಡಿದ್ದು ಅದನ್ನ? ಪಕ್ಕದಲ್ಲೇ ಕೂತು ಕೈ ಹಿಡಿದು ನಡೆಸಿದ ಹಾಗಿತ್ತು."

ಯಜಮಾನರು ಬಾಗಿಲ ಕಡೆ ನೋಡಿದರು. ಅಂಗಡಿಯಲ್ಲಿ ಆಳುಗಳ ಕೈ ಡ್ರಾಯರುಗಳಲ್ಲೇ ನಿಂತಿತ್ತು. ಯಜಮಾನರು ಅಂಗಿಯ ಮುಂಭಾಗ ನೇರ ಮಾಡಿಕೊಂಡು, ದೊಡ್ಡವರ ಎದುರು ನಿಂತವರಂತೆ ನೆಟ್ಟಗೆ ನಿಂತರು.

"ನಮ್ಮ ಹಿರಿಸೊಸೆ ಅಮ್ಮ. ಡಾಕ್ಟರು."

"ಡಾಕ್ಟರಾ? ಯಾವ ಡಾಕ್ಟರು?"

"ಜನ ಹೇಗೆ ಹುಡುಕ್ತಾರೆ ಅಂತ ಓದಿದ್ದಾಳೆ" ಎಂದರು ಯಜಮಾನರು. "ಅದಕ್ಕೂ ಓದಬೇಕಮ್ಮ. ನಮಗೆ ಗೊತ್ತಿರಲಿಲ್ಲ."

ಸೊಸೆಗೆ ಕಣ್ಣು ತುಂಬಿ ಬಂತು. ಪದವಿ ಪಡೆದ ದಿನ ವೇದಿಕೆಯ ಮೇಲೆ ಅಷ್ಟೊಂದು ಚಪ್ಪಾಳೆಯ ನಡುವೆಯೂ ಇಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ. ಯಜಮಾನರು ಫೋನಿಟ್ಟು, ಮೂಲೆಯಲ್ಲಿದ್ದ ಬಿಲ್ ಬರೆಯುವ ಕುರ್ಚಿಯನ್ನು ಎಳೆದುಕೊಂಡು ತಾವೇ ಅದರ ಮೇಲೆ ಕೂತರು.

"ಬಾಮ್ಮ ಡಾಕ್ಟರೇ" ಎಂದರು. "ಈ ಡ್ರಾಯರುಗಳಿಗೂ ಒಂದು ದಾರಿ ಮಾಡು. ಆಳುಗಳು ಏಣಿ ಹತ್ತಿ ಇಳಿದು ಸೋತುಹೋಗಿದ್ದಾರೆ."

ಅವಳು ಕಣ್ಣೊರೆಸಿಕೊಂಡು, ರಟ್ಟಿನ ಚೀಟಿಗಳ ಕಟ್ಟು ತರಲು ಒಳಗೆ ಹೋದಳು.